ಕೆಂಪು ದಾರದ ಮಡಕೆ

ಮಗಳು ಈಚೆಗೆ ಒಂದು ಕರೆಂಟಿನ ಮಡಕೆ ತಂದಳು. ಬೆಳಿಗ್ಗೆ ಕಾಳು, ತರಕಾರಿ, ನೀರು ಎಲ್ಲ ಸುರಿದು ಮುಚ್ಚಳ ಹಾಕಿ ಹೋದರೆ ಸಂಜೆಗೆ ಊಟ ತಾನಾಗಿಯೇ ಸಿದ್ಧವಾಗಿರುತ್ತದಂತೆ. ಎಂಟು ಗಂಟೆ ಬೇಕು, ಅಷ್ಟೇ. "ಕೆಂಪು ದೀಪ ಇದ್ರೆ ಬೇಯ್ತಾ ಐತೆ ಅಂತ, ಹಸಿರು ಬಂದ್ರೆ ಆಯ್ತು ಅಂತ. ಅಷ್ಟು ನೋಡ್ಕೋ ಅಪ್ಪಾ" ಎಂದು ಹೇಳಿ ಅವಳು ಪಾಠ ಮಾಡಲು ಶಾಲೆಗೆ ಹೋದಳು. ಕಲ್ಯಾಣದುರ್ಗದ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಕುರ್ಚಿ ಹಾಕಿಕೊಂಡು, ನಿವೃತ್ತ ಸರ್ಕಾರಿ ನೌಕರನೊಬ್ಬನಿಗೆ ಒಪ್ಪಿಸಬಹುದಾದ ಕೊನೆಯ ಹೊಣೆ ಇದೇ ಇರಬೇಕು ಎಂಬ ಗಾಂಭೀರ್ಯದಿಂದ ನಾನು ಆ ದೀಪದ ಮುಂದೆ ಕೂತೆ. ಮೂರು ಗಂಟೆಯ ಹೊತ್ತಿಗೆ ಮುಚ್ಚಳದ ಸಂದಿನಿಂದ ವಾಸನೆ ಹೊರಟಿತು. ಬೆಂದ ಅಲಸಂದೆ, ಬೆಳ್ಳುಳ್ಳಿ, ಕರಗಿದ ಸಿಹಿಗುಂಬಳ... ಎದ್ದು ಬೀದಿಗೆ ಬಂದುಬಿಟ್ಟೆ. ಆ ರಾತ್ರಿ ನನಗೆ ಹಸಿವಿಲ್ಲ ಎಂದೆ. ಮಗಳು ತನ್ನ ಅಡುಗೆ ಸರಿಯಾಗಿಲ್ಲವೆಂದು ಬೇಸರಪಟ್ಟುಕೊಂಡಳು.

ಅಡುಗೆಯಲ್ಲಿ ಏನೂ ದೋಷವಿರಲಿಲ್ಲ.

ನಾನು ಹಿಂದೂಪುರದ ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದಾಗ ಇಪ್ಪತ್ನಾಲ್ಕು ವರ್ಷ. ಎಂಬತ್ತರ ದಶಕದ ಮೊದಲ ದಿನಗಳು. ನೇಕಾರರ ಒಂದು ಬೀದಿಯಲ್ಲಿ ಬಾಡಿಗೆ ಕೋಣೆ ಸಿಕ್ಕಿತು. ಬೀದಿಗೆ ಬೀದಿಯೇ ಬೆಳಗಿನಿಂದ ಸಂಜೆವರೆಗೆ ಮಗ್ಗದ ಸದ್ದು. ಅದು ನಿಂತರೆ ಜನ ಹೊರಗೆ ಬಂದು ಯಾರು ಹೋದರೆಂದು ವಿಚಾರಿಸುತ್ತಿದ್ದರು. ಬ್ರಹ್ಮಚಾರಿಯ ಸಕಲ ಸಲಕರಣೆಗಳೊಂದಿಗೆ, ಅಂದರೆ ಒಂದು ಸೀಮೆಎಣ್ಣೆ ಸ್ಟೌ ಮತ್ತು ಅಡುಗೆಯ ಬಗ್ಗೆ ಸಂಪೂರ್ಣ ಅಜ್ಞಾನದೊಂದಿಗೆ, ಅಲ್ಲಿ ಸಂಸಾರ ಹೂಡಿದೆ. ಮೊದಲ ವಾರದಲ್ಲೇ ಅನ್ನ ಸೀದು ಹೊಗೆ ಎದುರುಮನೆಗೆ ಮುಟ್ಟಿತು. ಆ ಹೊಗೆಯ ಹಿಂದೆಯೇ ಎದುರುಮನೆಯಾಕೆ ಬಂದು ಬಾಗಿಲಲ್ಲಿ ನಿಂತಳು.

"ಏನಪ್ಪಾ ಅದು, ಅನ್ನ ಮಾಡ್ತಾ ಇದ್ದೀಯೋ, ಮನೇಗೇ ಬೆಂಕಿ ಇಕ್ತಾ ಇದ್ದೀಯೋ?"

ಯಾವ ಊರೆಂದು ಕೇಳಿದಳು. ಕುಂದುರ್ಪಿ ಹತ್ತಿರದ ಹಳ್ಳಿಯ ಹೆಸರು ಹೇಳಿದೆ. "ಅಯ್ ನಮ್ ತವರು ಕಡೆಯೋನು ಕಣ್ಲಾ ನೀನು! ಇಷ್ಟ್ ದಿನ ಬಾಯಿ ಮುಚ್ಕೊಂಡು ಸೀದನ್ನ ತಿಂತಾ ಕುಂತಿದ್ಯಾ?" ಎಂದಳು. ಅಷ್ಟೇ. ಅರ್ಜಿ, ಶಿಫಾರಸು, ಮಂಜೂರಾತಿ ಯಾವುದೂ ಇಲ್ಲದೆ ನಾನು ಆಕೆಗೆ ತಮ್ಮನಾದೆ. ಆಕೆ ಅಕ್ಕ, ಆಕೆಯ ಗಂಡ ಬಾವ.

ಅಕ್ಕನ ಅಡುಗೆ ನಡೆಯುತ್ತಿದ್ದದ್ದು ಹೊಟ್ಟಿನ ಒಲೆಯ ಮೇಲೆ. ಹಳೆಯದೊಂದು ಎಣ್ಣೆ ಡಬ್ಬ, ಬುಡದ ಪಕ್ಕಕ್ಕೆ ಒಂದು ತೂತು. ಡಬ್ಬದ ನಡುವೆ ಸೀಸೆ ನಿಲ್ಲಿಸಿ, ಸುತ್ತ ಮಿಲ್ಲಿನಿಂದ ತಂದ ಕಡ್ಲೆಕಾಯಿ ಹೊಟ್ಟನ್ನು ಒತ್ತಿ ಒತ್ತಿ ತುಂಬಿ, ಸೀಸೆಯನ್ನು ತಿರುಗಿಸುತ್ತ ಮೇಲಕ್ಕೆಳೆದರೆ ನಡುವೆ ಒಂದು ಕೊಳವೆ ಉಳಿಯುತ್ತದೆ. ಕೆಳಗಿನ ತೂತಿನಿಂದ ಒಂದು ಕೆಂಡ ತಳ್ಳಿಬಿಟ್ಟರೆ ಸಂಜೆವರೆಗೂ ಒಳಗೊಳಗೇ ಕನಲುತ್ತದೆ. ಉರಿ ಇಲ್ಲ, ಸದ್ದಿಲ್ಲ, ಊದುವ ಕೆಲಸವಿಲ್ಲ. ಅಕ್ಕ ಬೆಳಿಗ್ಗೆ, ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿಗೆ ಇಳಿದರೆ ಸಂಜೆಗೇ ಏಳುತ್ತಿದ್ದದ್ದು. ಒಲೆಯೂ ನಡುವೆ ಆಕೆಯನ್ನು ಕರೆಯುತ್ತಿರಲಿಲ್ಲ.

ಅದರ ಮೇಲೆ ಬೇಯುತ್ತಿದ್ದ ಪದಾರ್ಥಕ್ಕೆ ಹೆಸರಿರಲಿಲ್ಲ. ಎರಡು ಹಿಡಿ ಜೋಳದ ನುಚ್ಚು, ಒಂದು ಹಿಡಿ ಅಲಸಂದೆ, ಹಿಂದಿನ ದಿನ ನೆನೆಸಿದ ಹುರುಳಿ, ಒಂದು ಹೋಳು ಸಿಹಿಗುಂಬಳ, ಈರುಳ್ಳಿ, ಬೆಳ್ಳುಳ್ಳಿ, ಕುಟ್ಟಿದ ಕಡ್ಲೆಬೀಜ, ಉಪ್ಪು. ಮೇಲೆ ಬೆರಳಿನ ಎರಡು ಗೆಣ್ಣು ನಿಲ್ಲುವಷ್ಟು ನೀರು. ಸಂಜೆಗೆ ಕಾಳು ಯಾವುದು, ಕುಂಬಳ ಯಾವುದು ಎಂದು ಅವಕ್ಕೇ ಗೊತ್ತಿರುತ್ತಿರಲಿಲ್ಲ. ಸೌಟು ನೆಟ್ಟರೆ ನಿಲ್ಲುವಷ್ಟು ಗಟ್ಟಿ. ಬಾವ ಅದನ್ನು 'ಅನ್ನೀ' ಎನ್ನುತ್ತಿದ್ದರು, ತೆಲುಗಿನಲ್ಲಿ 'ಎಲ್ಲವೂ' ಎಂದು. ನನ್ನ ಪಾಲಿನ ಕಾಳುಕಡ್ಡಿಯನ್ನು ನಾನು ತಂದುಕೊಡುವುದು, ಅಕ್ಕ ತನ್ನ ಎರಡನೆಯ ಒಲೆಯ ಮೇಲೆ ನನಗೂ ಒಂದು ಮಡಕೆ ಇಡುವುದು ಎಂದು ಒಪ್ಪಂದವಾಯಿತು. ಕಚೇರಿಯಿಂದ ಬಂದು ಕೈಕಾಲು ತೊಳೆದರೆ ಊಟ ಸಿದ್ಧ. ಆ ಸುಖವನ್ನು ನಾನು ಆಮೇಲೆ ಮದುವೆಯಲ್ಲಿಯೂ ಕಾಣಲಿಲ್ಲ. ತೀರಿಕೊಂಡ ಹೆಂಡತಿ ಕ್ಷಮಿಸಲಿ.

ಆದರೆ ಆ ಮನೆಯಲ್ಲಿ ಅದು ಸುಖದ ಅಡುಗೆಯಾಗಿರಲಿಲ್ಲ. ಬಾವನಿಗೆ ಗಂಟಲಲ್ಲಿ ಹುಣ್ಣಾಗಿತ್ತು, ವಾಸಿಯಾಗದ ಜಾತಿಯದು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಕರೆಂಟು ಕೊಟ್ಟು ಕಳಿಸಿದ್ದರು. ಅನ್ನ, ಮುದ್ದೆ, ರೊಟ್ಟಿ ಯಾವುದೂ ಇಳಿಯುತ್ತಿರಲಿಲ್ಲ. ಎಂಟು ಗಂಟೆ ಬೆಂದು ಬೆಣ್ಣೆಯಾದ 'ಅನ್ನೀ'ಯನ್ನು ಇನ್ನಷ್ಟು ಮಸೆದು, ಹಾಲು ಬೆರೆಸಿ ಕೊಟ್ಟರೆ ಒಂದು ಬಟ್ಟಲು ಇಳಿಯುತ್ತಿತ್ತು. ಊರಿನ ಡಾಕ್ಟರು ಅಕ್ಕನಿಗೆ ಹೇಳಿದ್ದು ಎರಡೇ ಮಾತು: ಗಂಟಲಲ್ಲಿ ಇಳಿಯುವವರೆಗೆ ಮನುಷ್ಯ ಇರುತ್ತಾನೆ, ಖಾರ ಮಾತ್ರ ಸೋಕಬಾರದು. ಅಕ್ಕ ಆ ಎರಡು ಮಾತಿನ ಮೇಲೆ ಬದುಕು ಕಟ್ಟಿಕೊಂಡಿದ್ದಳು. ಸಂಜೆ ಬೀದಿಯವರು ಗಂಡ ಹೇಗಿದ್ದಾನೆಂದು ಕೇಳಿದರೆ ಬಟ್ಟಲಿನ ವರ್ತಮಾನ ಹೇಳುತ್ತಿದ್ದಳು. "ಇವತ್ತು ಗಟ್ಟೀದೇ ಇಳೀತು ಕಣಮ್ಮ." ಗಟ್ಟಿಯಾದದ್ದು ಇಳಿದ ದಿನ ಆಕೆಯ ಮಗ್ಗದ ಸದ್ದೇ ಬೇರೆ. ತೆಳ್ಳಗೆ ಮಾಡಬೇಕಾಗಿ ಬಂದ ದಿನ ಯಾರೂ ಏನೂ ಕೇಳುತ್ತಿರಲಿಲ್ಲ.

ಎರಡೂ ಮಡಕೆ ಗೋರಂಟ್ಲ ಸಂತೆಯಲ್ಲಿ ಒಬ್ಬನೇ ಕುಂಬಾರನ ಹತ್ತಿರ ತಂದವು, ಅವಳಿಜವಳಿ. ಒಂದರಲ್ಲಿ ಖಾರದ ಪುಡಿ ಬೀಳುತ್ತಿತ್ತು, ಇನ್ನೊಂದರಲ್ಲಿ ಇಲ್ಲ. ಆದ್ದರಿಂದ ಅಕ್ಕ ಮಡಕೆಯ ಕತ್ತಿಗೆ ರೇಷ್ಮೆಯ ಎಳೆ ಕಟ್ಟಿದಳು. "ಬಾವಂದಕ್ಕೆ ಕೆಂಪು, ನಿಂದಕ್ಕೆ ಹಸ್ರು. ಗ್ಯಾಪ್ನ ಇಟ್ಕೋ ತಮ್ಮಾ." ನೇಕಾರರ ಮನೆಯಲ್ಲಿ ಗುರುತು ಎಂದರೆ ಬಣ್ಣವೇ. ಅದಕ್ಕಿಂತ ಸುಲಭದ ಗುರುತು ಆಕೆಗೆ ತಿಳಿದಿರಲಿಲ್ಲ. ನಾನು "ಆಗಲಿ ಅಕ್ಕ" ಎಂದೆ.

ನನಗೆ ಕೆಂಪೂ ಹಸಿರೂ ಒಂದೇ. ಎರಡೂ ಮಣ್ಣಿನ ಬಣ್ಣ. ರೈಲ್ವೆ ನೌಕರಿಗೆ ಹೋದಾಗ ಡಾಕ್ಟರನೊಬ್ಬ ಚುಕ್ಕೆ ಚುಕ್ಕೆಯ ಪುಟ ತೋರಿಸಿ ಇದರಲ್ಲಿ ಯಾವ ಅಂಕಿ ಇದೆ ಎಂದು ಕೇಳಿದ. ನಾನು ಅಂಕಿಯೇ ಇಲ್ಲವಲ್ಲ ಎಂದೆ. ಅವನು ಕೆಲಸವೂ ಇಲ್ಲ ಎಂದ. ಅಂದಿನಿಂದ ಅದನ್ನು ಯಾರಿಗೂ ಹೇಳಲಿಲ್ಲ. ಕಚೇರಿಯಲ್ಲಿ ಕೆಂಪು ಶಾಯಿಯ ಬಾಟಲಿಯ ಬಾಯಿ ಒಡೆದಿತ್ತು, ಆ ಗುರುತಿನಿಂದ ಸರ್ಕಾರ ನಡೆಸಿದೆ. ಅಕ್ಕನ ಮನೆಯಲ್ಲಿ ನನ್ನ ಮಡಕೆ ಯಾವಾಗಲೂ ಜಗುಲಿಯ ಮೇಲೆ, ಬಾಗಿಲ ಕಡೆಯ ಒಲೆಯದು. ಹೀಗೆ ಐದು ತಿಂಗಳು ಕಳೆಯಿತು.

ಗೊತ್ತಾದದ್ದು ಬಾವನಿಗೊಬ್ಬರಿಗೆ. ಒಂದು ಭಾನುವಾರ ಅವರು ತೊಡೆಯ ಮೇಲೆ ರೇಷ್ಮೆ ಲಡಿಗಳನ್ನು ಹರಡಿಕೊಂಡು ಕೂತಿದ್ದರು. ಒಡಲಿಗೆ ಅಂಚು, ಅಂಚಿಗೆ ಸೆರಗು ಹೊಂದಿಸುವುದರಲ್ಲಿ ಸೋಮಂದೇಪಲ್ಲಿಯವರೆಗೂ ಅವರ ಹೆಸರಿತ್ತು. ಎರಡು ಲಡಿ ಎತ್ತಿ ಹಿಡಿದು, ಉಳಿದಿದ್ದ ಪಿಸುದನಿಯಲ್ಲಿ ಕೇಳಿದರು. "ಗುಮಾಸ್ತಪ್ಪಾ, ಸೆರಗಿಗೆ ಯಾವ್ದು ಹಾಕಾನ, ಇದಾ, ಇದಾ?"

ಕಡತ ಪರಿಶೀಲಿಸುವ ಮುಖ ಮಾಡಿಕೊಂಡು ನೋಡಿದೆ. "ಎರಡೂ ಒಂದೇ ಥರ ಇವೆಯಲ್ಲ ಬಾವ."

"ರೆಂಡೂ ಒಕಟೇನಾ?" ಅವರ ಕಣ್ಣು ಅರಳಿತು. "ಲೇ, ಒಂದು ಗಿಳಿ ಕಣಪ್ಪ, ಒಂದು ಗಿಳಿ ಕೊಕ್ಕು! ನಿಂಗೆ ಗಿಳಿಗೆ ಮೂತೀನೇ ಇಲ್ವಾ ಅಂಗಾರೆ?" ಸದ್ದಿಲ್ಲದೆ ನಕ್ಕರು, ಭುಜ ಕುಲುಕಿಸಿ, ಕೆಮ್ಮು ಬರುವವರೆಗೆ. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಕ್ಕನಿಗೆ ಹೇಳಬೇಡಿ ಎಂದು ಬೇಡಿಕೊಂಡೆ. ಅವರು ಕತ್ತಿನ ಮೇಲೆ ಕೈಯಿಟ್ಟುಕೊಂಡು, "ಹೇಳಾಕೆ ಗಂಟ್ಲೆಲ್ಲೈತೆ ನಂಗೆ?" ಎಂದರು. ಅಲ್ಲಿಂದ ಮುಂದೆ ನನ್ನನ್ನು ಕಂಡಾಗಲೆಲ್ಲ ಬೆರಳು ಬಾಗಿಸಿ ಮೂಗಿನ ಮೇಲೆ ಕೊಕ್ಕು ಮಾಡಿ ತೋರಿಸುತ್ತಿದ್ದರು. ಅಕ್ಕ ಗಂಡನ ಹೊಸ ಹುಚ್ಚೆಂದುಕೊಂಡು ತಾನೂ ನಗುತ್ತಿದ್ದಳು. ನಾನೂ ನಕ್ಕಂತೆ ಮಾಡುತ್ತಿದ್ದೆ. ಒಳಗೆ ಮಾತ್ರ ಉರಿಯುತ್ತಿತ್ತು... ಸಾಯುತ್ತಿರುವ ಮನುಷ್ಯನೊಬ್ಬನ ನಗುವಿಗೆ ಉರಿದುಕೊಂಡವನು ನಾನು.

ಆಷಾಢ ಬಂತು. ನಮ್ಮ ಸೀಮೆಯ ಆಷಾಢದ ಗಾಳಿ ಮೋಡವನ್ನೂ ಮನುಷ್ಯರನ್ನೂ ಒಂದೇ ಕಡೆಗೆ ತಳ್ಳುತ್ತದೆ. ಆ ಹೊತ್ತಿಗೆ ಬಾವನ ಪಿಸುಮಾತೂ ನಿಂತಿತ್ತು, ಬರೀ ಕೈಸನ್ನೆ. ಒಂದು ಬೆಳಿಗ್ಗೆ ಅಕ್ಕ, ಮುಗಿದ ಸೀರೆ ಕೊಟ್ಟು ನೂಲು ತರಲು ಸೋಮಂದೇಪಲ್ಲಿಗೆ ಹೋಗಬೇಕೆಂದಳು. ಬರುವುದು ಏಳು ಗಂಟೆಯ ಬಸ್ಸಿಗೆ.

"ಬಾವನ್ ಊಟ ತಡ ಆಗ್ಬಾರ್ದು. ನೀನೇ ಕೊಟ್ಬುಡು ತಮ್ಮಾ. ಕೆಂಪು ದಾರದ್ದು ತಕ್ಕಂಡು ಚೆಂದಾಗಿ ಮಸ್ದು, ಲೋಟದಾಗೆ ಹಾಲಿಟ್ಟಿರ್ತೀನಿ, ಬೆರೆಸಿ ಕೊಡು. ಮರೀಬ್ಯಾಡ, ನಿನ್ ಮಡ್ಕೆ ಖಾರಕ್ಕೆ ಕುದ್ರೆ ಸಾಯ್ತದೆ!"

"ಮರೆಯಲ್ಲ ಅಕ್ಕ" ಎಂದೆ.

ಸಂಜೆ ಬಂದು ನೋಡುತ್ತೇನೆ, ಜಗುಲಿಯ ಮೇಲೆ ಒಲೆಗಳಿಲ್ಲ. ಗಾಳಿಗೆ ಹೊಗೆ ಬಾವನ ಕೋಣೆಗೆ ನುಗ್ಗುತ್ತದೆಂದು ಅಕ್ಕ ಹೊರಡುವ ಮುಂಚೆ ಎರಡನ್ನೂ ಹಿತ್ತಲಿಗೆ ಸಾಗಿಸಿದ್ದಳು. ಗೋಡೆಯ ಬುಡದಲ್ಲಿ ಅಕ್ಕಪಕ್ಕ ಎರಡು ಡಬ್ಬ, ಎರಡು ಮಡಕೆ, ಎರಡು ಮಣ್ಣು ಬಣ್ಣದ ದಾರ. ಬಾಗಿಲ ಕಡೆ ಎಂಬುದೇ ಇಲ್ಲ.

ಮುಚ್ಚಳ ತೆಗೆದು ನೋಡಿದೆ. ಎರಡರಲ್ಲೂ ಒಂದೇ ಬಣ್ಣದ ಗಂಜಿ ಕಂಡಿತು ನನಗೆ. ಮೂಸಿ ನೋಡಬಹುದಿತ್ತು, ಆದರೆ ಆ ದಿನಗಳಲ್ಲಿ ಮೂಗನ್ನು ನಶ್ಯಕ್ಕೆ ಬರೆದುಕೊಟ್ಟಿದ್ದೆ, ಅದನ್ನು ಬಿಡಿಸಿಕೊಂಡದ್ದು ಎಷ್ಟೋ ವರ್ಷದ ಮೇಲೆ. ಸೌಟಿನಿಂದ ಅಂಗೈಗೆ ಒಂದು ತೊಟ್ಟು ಬಿಟ್ಟು ನೆಕ್ಕಬಹುದಿತ್ತು. ಉಣ್ಣಿಸುವ ಮೊದಲೇ ಎಂಜಲಾಗುತ್ತದೆಂದು ನನಗೆ ನಾನೇ ಹೇಳಿಕೊಂಡೆ. ಅಂಗೈಯಲ್ಲಿ ನೋಡಿದರೆ ಎಂಜಲಲ್ಲವೆಂದು ಅಡುಗೆ ಮಾಡುವ ಯಾರಿಗಾದರೂ ಗೊತ್ತು, ನನಗೂ ಗೊತ್ತಿತ್ತು. ಗೋಡೆಯಾಚೆ ಪಕ್ಕದ ಮನೆಯ ಅಜ್ಜಿ ಕಡ್ಲೆಕಾಯಿ ಸುಲಿಯುತ್ತಿದ್ದಳು. ಅಜ್ಜೀ, ಇದರಲ್ಲಿ ಕೆಂಪು ಯಾವುದು ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಬಿ.ಎ. ಪಾಸಾದ ಸರ್ಕಾರಿ ಗುಮಾಸ್ತ ಹಾಗೆ ಕೇಳುವುದುಂಟೆ! ಎಲ್ಲ ಬಿಟ್ಟು ಬಾವನ ಮುಂದೆಯೇ ಎರಡೂ ಮಡಕೆ ತಂದಿಡಬಹುದಿತ್ತು. ಆದರೆ ಅವರು ಕೊಕ್ಕು ಮಾಡಿ ತೋರಿಸುತ್ತಾರೆ... ಆ ಸಂಜೆ ನನಗೆ ಅದು ಬೇಡವಾಗಿತ್ತು.

ಎಡಗಡೆಯದನ್ನು ಎತ್ತಿಕೊಂಡೆ.

ಮಸೆದೆ, ಹಾಲು ಬೆರೆಸಿದೆ, ಬಟ್ಟಲು ಒಯ್ದು ಬಾವನ ಮುಂದೆ ಕೂತೆ. ಅವರು ಬಟ್ಟಲನ್ನು ನೋಡಿದರು. ಬಣ್ಣದಲ್ಲೇ ಬದುಕಿದ ಕಣ್ಣು ಅದು. ಹಾಲಿನಲ್ಲಿ ಕಲೆತ ಖಾರದ ಕೆಂಪು ಕಾಣದಿರಲು ಸಾಧ್ಯವಿಲ್ಲ. ಆಮೇಲೆ ನನ್ನ ಮುಖ ನೋಡಿದರು. ಕೊಕ್ಕು ಮಾಡಲಿಲ್ಲ. ಸುಮ್ಮನೆ ಬಾಯಿ ತೆರೆದರು.

ಮೊದಲ ಚಮಚಕ್ಕೆ ಕಣ್ಣಲ್ಲಿ ನೀರು ತುಂಬಿತು. ಬಿಸಿ ಹೆಚ್ಚಾಯಿತೇ ಎಂದೆ. ಇಲ್ಲವೆಂದು ತಲೆಯಾಡಿಸಿ ಮತ್ತೆ ಬಾಯಿ ತೆರೆದರು. ಕತ್ತಿನ ನರಗಳು ಬಿಗಿಯುತ್ತಿದ್ದವು, ಎರಡೂ ಕೈ ಚಾಪೆಯನ್ನು ಹಿಡಿದುಕೊಂಡಿದ್ದವು, ಆದರೂ ಇನ್ನೂ ಹಾಕು ಎಂದು ಗಲ್ಲ ಮುಂದೆ ಮಾಡುತ್ತಿದ್ದರು. ಎಷ್ಟು ತಿಂಗಳಾಗಿತ್ತೋ ಆ ನಾಲಿಗೆ ಖಾರ ಕಂಡು. ಇಷ್ಟವಾಗಿ ತಿಂದರೋ, ಸಾಕಾಗಿ ತಿಂದರೋ, ನನ್ನ ಮಾನ ಉಳಿಸಲು ತಿಂದರೋ... ನನಗೆ ತಿಳಿಯದು. ಬಟ್ಟಲು ಪೂರ್ತಿ ಖಾಲಿಯಾಯಿತು. ನಾನು ಹೆಮ್ಮೆಯಿಂದ ಎದ್ದೆ.

ಇನ್ನೊಂದು ಮಡಕೆ ಎತ್ತಿಕೊಂಡು ಕೋಣೆಗೆ ಹೋಗಿ ನನ್ನ ಊಟಕ್ಕೆ ಕೂತು ಮೊದಲ ತುತ್ತು ಬಾಯಿಗಿಟ್ಟಾಗ ನಾಲಿಗೆಗೆ ಏನೂ ತಾಗಲಿಲ್ಲ. ಬರೀ ಉಪ್ಪು, ಕುಂಬಳದ ಸಿಹಿ. ಓಡಿ ಬಂದೆ. ಬಾವ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು, ಗಡ್ಡದ ಮೇಲೆ ಕಣ್ಣೀರು ಇಳಿಯುತ್ತಿತ್ತು. "ಬಾವ, ಅಕ್ಕನಿಗೆ ಗೊತ್ತಾಗಬಾರದು" ಎಂದೆ. ನೋವಾಗುತ್ತಿದೆಯೇ ಎಂದು ಕೇಳಬೇಕಾಗಿತ್ತು ಮೊದಲು. ಅವರು ಕಣ್ಣು ತೆರೆದು, ಆಗಲಿ ಎಂದು ಎದೆಯ ಮೇಲೆ ಕೈಯಿಟ್ಟರು.

ಆಮೇಲೆ ನಾನು ಮಾಡಿದ್ದನ್ನು ತಪ್ಪು ಎನ್ನಲಾರೆ. ತಪ್ಪು ಕಣ್ಣಿನಿಂದಾಗುತ್ತದೆ, ಇದಕ್ಕೆ ಕಣ್ಣು ಬೇಕಾಗಿರಲಿಲ್ಲ. ಎರಡೂ ಮಡಕೆಯನ್ನು ಹಿತ್ತಲಲ್ಲಿಟ್ಟು, ಕತ್ತಿನ ದಾರಗಳನ್ನು ಜಾರಿಸಿ ಇದರದು ಅದಕ್ಕೆ, ಅದರದು ಇದಕ್ಕೆ ಹಾಕಿದೆ. ಈಗ ನಾನು ಕೆಂಪು ದಾರದ ಮಡಕೆಯಿಂದಲೇ ಕೊಟ್ಟವನಾದೆ.

ಏಳು ಗಂಟೆಗೆ ಅಕ್ಕ ಬಂದಳು. ಬಟ್ಟಲನ್ನು ನೋಡಿ, "ಪೂರಾನಾ?" ಎಂದಳು.

"ಪೂರಾ ಅಕ್ಕ."

"ಗಟ್ಟೀದೇ?"

"ಗಟ್ಟೀದೇ."

ಡಬ್ಬದಿಂದ ಬೆಲ್ಲದ ಅಚ್ಚು ತೆಗೆದು ಮುರಿದು ನನ್ನ ಬಾಯಿಗೆ ತಾನೇ ಇಟ್ಟಳು. "ನಿನ್ ಕೈ ಗುಣ ಚೆಂದಾಗೈತೆ ಕಣಪ್ಪ. ಇನ್ಮೇಕೆ ದಿನಾ ನೀನೇ ಕೊಡು." ಆ ಬೆಲ್ಲವನ್ನು ನುಂಗಿದೆ. ನನ್ನ ಗಂಟಲು ಚೆನ್ನಾಗಿತ್ತು.

ಬೆಳಿಗ್ಗೆ ಬಾವನಿಗೆ ನೀರೂ ಇಳಿಯಲಿಲ್ಲ. ಉಗುಳಿದರೆ ರಕ್ತ. ಅಕ್ಕ ಗಾಡಿಗೆ ಹೇಳಿಕಳಿಸಿ, ಅದು ಬರುವಷ್ಟರಲ್ಲಿ, ಕೈ ಸುಮ್ಮನಿರಲಾರದೆ ಮಡಕೆ ತೊಳೆಯಲು ಹಿತ್ತಲಿಗೆ ಹೋದವಳು ಒಂದು ಮಡಕೆ ಹಿಡಿದುಕೊಂಡೇ ಒಳಗೆ ಬಂದಳು.

"ತಮ್ಮಾ... ಕೆಂಪು ದಾರದ್ರಾಗೆ ಖಾರ ಐತೆ ಕಣಪ್ಪ. ನಾನೇ ಹಾಕ್ಬುಟ್ಟಿದೀನಿ. ದಾರ ನೋಡೇ ಹಾಕಿದ್ನಲ್ಲೋ... ಕೆಂಪನ್ನ ಹಸ್ರು ಅಂತ ಕಂಡ್ಬುಟ್ಟಿದೀನಿ."

ನನ್ನ ಕಣ್ಣಲ್ಲಿ ನೀರು ಬಂತು. ನನ್ನ ಮುಖ ನೋಡಿ ಆಕೆಯೇ ಸಮಾಧಾನ ಹೇಳಿದಳು. "ನೀನ್ಯಾಕೆ ಅಳ್ತೀಯಾ? ನೀನು ಕೆಂಪು ನೋಡೇ ಕೊಟ್ಟಿದೀಯ. ನಿಂದೇನೈತೆ ತೆಪ್ಪು?"

ಬಾವ ಮಲಗಿದ್ದಲ್ಲಿಂದ ಕೈಯೆತ್ತಿ ಆಡಿಸಿದರು. ಅಲ್ಲ, ಅಲ್ಲ ಎಂದು. ಅಳಬೇಡ ಎನ್ನುತ್ತಿದ್ದಾರೆಂದು ಅಕ್ಕ ಆ ಕೈಯನ್ನು ಹಿಡಿದು ಕಣ್ಣಿಗೊತ್ತಿಕೊಂಡಳು. ಅವರು ಆಕೆಯ ತಲೆಯ ಮೇಲಿಂದ ನನ್ನನ್ನು ನೋಡಿದರು. ಮಾತು ಕೊಟ್ಟಿದ್ದರು, ಅದಕ್ಕೆ ಬೆರಳು ತೋರಿಸಲಿಲ್ಲ. ನಾನು ಹೇಳುತ್ತೇನೆಂದು ಕಾದರು. ಗಾಡಿ ಬರುವವರೆಗೂ ಕಾದರು. ಗಾಡಿ ಬಂದಾಗ ಕಣ್ಣು ಮುಚ್ಚಿಕೊಂಡರು.

ಒಂಬತ್ತನೆಯ ದಿನ ಆಸ್ಪತ್ರೆಯಲ್ಲಿ ಹೋದರು. ಡಾಕ್ಟರನ್ನು ನಾನು ಬಳಸುಮಾತಿನಲ್ಲಿ ಕೇಳಿದ್ದೆ. ರೋಗ ಹೇಗೂ ಮುಗಿಯುವ ಹಂತಕ್ಕೆ ಬಂದಿತ್ತು, ಖಾರದಿಂದಲೇ ಅಂತ ಹೇಳಲಾಗದು, ಆದರೆ ಒಳ್ಳೆಯದಂತೂ ಮಾಡಲಿಲ್ಲ ಎಂದರು. ಆ ವಾಕ್ಯವನ್ನು ಈ ನಲವತ್ತು ವರ್ಷಗಳಲ್ಲಿ ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಿದ್ದೇನೆ. ಎಲ್ಲಿಂದ ನೋಡಿದರೂ ಅಷ್ಟೇ ಇದೆ.

ತಿಂಗಳು ಕಳೆದು ಅಕ್ಕ ಮತ್ತೆ ಮಗ್ಗಕ್ಕೆ ಇಳಿದಳು. ಆದರೆ ಸದ್ದು ಒಂದೇ ಸಮ ಬರುತ್ತಿರಲಿಲ್ಲ. ಲಾಳಿಗೆ ಹೊಸ ಎಳೆ ಹಾಕುವಾಗಲೆಲ್ಲ ನಿಲ್ಲುತ್ತಿತ್ತು. ಬೀದಿಯಲ್ಲಿ ಹೋಗುವವರನ್ನು ಕರೆದು ತೋರಿಸುತ್ತಿದ್ದಳು. ಸಂಜೆ ನಾನು ಬರುವುದನ್ನೇ ಕಾದಿದ್ದು, ಗುಂಡಿಯಿಂದಲೇ ಕೈ ಎತ್ತಿ ಹಿಡಿಯುತ್ತಿದ್ದಳು.

"ತಮ್ಮಾ, ಇದು ಕೆಂಪೇ ಅಲ್ವೇನಪ್ಪಾ?"

"ಕೆಂಪೇ ಅಕ್ಕ."

ಊರಲ್ಲಿ ಅಷ್ಟು ಕಣ್ಣುಗಳಿದ್ದವು. ಆಕೆ ನಂಬಿದ್ದು ನನ್ನವನ್ನು. ಒಂದು ಸಲ ಅದು ಕೆಂಪಾಗಿರಲಿಲ್ಲ. ಗೇಣುದ್ದ ಅಂಚು ಹಸಿರಾಗಿ ನೇಯ್ದುಹೋಗಿತ್ತು. ನೂಲು ಕೊಡುವವರು ಸೀರೆ ಬಿಸಾಡಿ ಬೈದರಂತೆ. ಆಕೆ ನನ್ನನ್ನು ಬೈಯಲಿಲ್ಲ. "ನನ್ ಮನಸ್ಸು ನೋಯ್ತದೆ ಅಂತ ನೀನು ಹೂಂ ಅಂದ್ಬುಟ್ಟೆ. ಗೊತ್ತು ಕಣಪ್ಪ ನಂಗೆ" ಎಂದಳು. ಅಂದಿನಿಂದ ಬಣ್ಣದ ಕೆಲಸವನ್ನೇ ಬಿಟ್ಟು ಬಿಳಿ ಪಂಚೆ ನೇಯತೊಡಗಿದಳು. ಬಾವ ಹೊಂದಿಸಿಟ್ಟಿದ್ದ ಲಡಿಗಳು ಪೆಟ್ಟಿಗೆಯಲ್ಲೇ ಉಳಿದವು.

ವರ್ಷ ತುಂಬುವುದರೊಳಗೆ ನಾನು ಕಲ್ಯಾಣದುರ್ಗಕ್ಕೆ ವರ್ಗ ಮಾಡಿಸಿಕೊಂಡೆ. ತಾನಾಗಿ ಬಂತೆಂದು ಹೇಳಿದೆ. ಬಸ್ಸಿನವರೆಗೂ ಬಂದು ಕಿಟಕಿಯ ಹತ್ತಿರ ನಿಂತು, "ಇನ್ಮೇಕೆ ನಂಗೆ ಯಾರಪ್ಪಾ ಹೇಳೋರು?" ಎಂದಳು. ಬಸ್ಸು ಹೊರಡಲು ತುಂಬ ಹೊತ್ತು ಹಿಡಿಯಿತು...

ಮಗಳ ಅಡುಗೆ ತಿನ್ನದೆ ಎದ್ದ ಮರುವಾರ ಹಿಂದೂಪುರಕ್ಕೆ ಹೋದೆ. ಎರಡು ಬಸ್ಸು ಬದಲಾಯಿಸಿದರೆ ಸಾಕು. ಅಷ್ಟು ದೂರಕ್ಕೆ ನಲವತ್ತು ವರ್ಷ ಬೇಕಾಯಿತು ನನಗೆ. ಬೀದಿಯಲ್ಲಿ ಮಗ್ಗದ ಸದ್ದಿಲ್ಲ. ಅಕ್ಕನ ಮನೆಯಿದ್ದ ಜಾಗದಲ್ಲಿ ಮೋಟರ್ ರಿಪೇರಿ ಅಂಗಡಿ. ಪಕ್ಕದ ಮನೆಯ ಅಜ್ಜಿಯ ಮೊಮ್ಮಗಳು, ಈಗ ಆಕೆಗೂ ತಲೆ ನರೆತಿದೆ, ಕುರ್ಚಿ ಹಾಕಿ ಕೂರಿಸಿದಳು. ಅಕ್ಕ ಹೋಗಿ ಎರಡು ವರ್ಷವಾಯಿತಂತೆ.

"ಕೊನೇವರ್ಗೂ ಸೂಜಿಗೆ ದಾರ ತಾನೇ ಪೋಣಿಸ್ಕಂತಿದ್ರು ಸಾರ್. ಕಣ್ಣಾಸ್ಪತ್ರೆಗೆ ನಾನೇ ಕರ್ಕಂಡ್ ಹೋಗಿದ್ದೆ, ಕಣ್ಣಿಗೇನೂ ಆಗಿಲ್ಲ ಅಂದ್ರು. ಆವಮ್ಮ ನಂಬ್ಲೇ ಇಲ್ಲ. ದಿನಾ ಬೆಳಿಗ್ಗೆ ಸೀರೆ ತಕ್ಕಂಡ್ ಬಂದು, ಇದ್ಯಾವ್ ಬಣ್ಣ ನೋಡಮ್ಮಾ ಅಂತ ಕೇಳಿ, ನಾನು ಹೇಳಿದ್ಮ್ಯಾಲೆ ಉಟ್ಕೊಳ್ಳೋರು." ಆಮೇಲೆ ಕೇಳಿದಳು. "ನೀವೇನಾಗ್ಬೇಕು ಆವಮ್ಮಂಗೆ?"

"ಅಕ್ಕನ ಕಣ್ಣು ಸರಿಯಾಗೇ ಇತ್ತಮ್ಮ. ಮಡಕೆಯ ದಾರ ಬದಲಾಯಿಸಿದ್ದು ನಾನು" ಎಂದೆ.

ಆಕೆಗೆ ಏನೂ ಅರ್ಥವಾಗಲಿಲ್ಲ. ವಯಸ್ಸಾದವರು ಏನೋ ಹೇಳುತ್ತಾರೆಂದು ಕರುಣೆಯಿಂದ ತಲೆಯಾಡಿಸಿ, "ಬಿಸಿಲಾಗೆ ಬಂದಿದೀರ, ಮಜ್ಜಿಗೆ ಕೊಡ್ಲಾ ಸಾರ್?" ಎಂದು ಒಳಗೆ ಹೋದಳು.